ನಾಲ್ಕು ಬೆನ್ನು, ಒಂದು ಬಕೆಟ್

ಮಾರ್ಚ್ ೪

ತಮ್ಮಾ,

ಕ್ಷೇಮ ಸಮಾಚಾರ ಕೊನೆಯಲ್ಲಿ, ಜಾಗ ಉಳಿದರೆ. ಮೊದಲು ನನ್ನ ಪ್ರಶ್ನೆಗೆ ಉತ್ತರ ಬೇಕು. ಇಷ್ಟು ವರ್ಷದಿಂದ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದೀಯ, ಕೇಸು ಗೆದ್ದರೆ ನೀನೇ ಗೆದ್ದ ಹಾಗೆ ಮಾತಾಡುತ್ತೀಯ. ಈಗ ತೋರಿಸು. ಮೀನು ಹಿಡಿಯಲು ದೋಣಿಯಲ್ಲಿ ಹೋದವರಿಗೆ ನಡುನೀರಿನಲ್ಲಿ ಮೂತ್ರ ಬಂದರೆ ಏನು ಮಾಡಬೇಕು ಅಂತ ಕಾನೂನು ಹೇಳುತ್ತದೆ?

ನಗಬೇಡ. ನೀನು ನಗುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ.

ಫೋನ್ ಮಾಡಬಹುದಿತ್ತಲ್ಲ ಅಂತಲೂ ಅನ್ನಬೇಡ. ನಮ್ಮ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಬಲೆ ಒಣಗಿಸುವ ಅಂಗಳದ ತನಕ ಕೇಳುತ್ತದೆ. ಅಲ್ಲದೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ. ಕಾಗದದಲ್ಲಿ ಬಿಡಲೇಬೇಕು.

ನಡೆದದ್ದು ಇಷ್ಟು. ಕಳೆದ ವಾರ ನಮ್ಮ ದೊಡ್ಡ ದೋಣಿ ಸರೋವರದ ನಡುವೆ ಬಲೆ ಎಳೆಯುತ್ತಿತ್ತು. ದೋಣಿಯಲ್ಲಿ ನನ್ನ ಇಬ್ಬರು ಗಂಡುಮಕ್ಕಳು, ಕೂಲಿಗೆ ಬರುವ ಗಡ್ಡದವನು, ಅವನ ಷಡ್ಡಕ, ಎಂಜಿನ್ ಹತ್ತಿರ ಕಿರಿ ಸೊಸೆ. ನಮ್ಮ ದೋಣಿಯ ಪದ್ಧತಿ ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ವಕೀಲರಿಗೆ ಓದಿ ಹೇಳಲು ಬೇಕಾದೀತು. ನಮ್ಮಲ್ಲಿ ಯಾರೂ ಅಂಚಿನಲ್ಲಿ ನಿಂತು ಮೂತ್ರ ಮಾಡುವ ಹಾಗಿಲ್ಲ. ನಮ್ಮ ಮಾವ ಹಾಗೆ ನಿಂತು ನೀರಿಗೆ ಬಿದ್ದವರು ಸಿಕ್ಕಿದ್ದು ಮರುದಿನ, ಪ್ಯಾಂಟಿನ ಗುಂಡಿ ಬಿಚ್ಚಿದ ಹಾಗೇ. ಆಮೇಲೆ ನಾನು ದೋಣಿ ಹತ್ತಿದಾಗ ಮಾಡಿದ ಕಟ್ಟಳೆ ಇದು: ಮೂತ್ರ ಬಂದವರು "ದಡ ನೋಡಿ" ಅಂತ ಕೂಗಬೇಕು, ಹಿಂದುಗಡೆ ಬಲೆರಾಶಿಯ ಮರೆಗೆ ಬಕೆಟ್ ತೆಗೆದುಕೊಂಡು ಹೋಗಬೇಕು. ಉಳಿದವರೆಲ್ಲ ಬೆನ್ನು ಹಾಕಿ ದಡದ ಕಡೆ ತಿರುಗಬೇಕು. ಮುಗಿದ ಮೇಲೆ ಹಲಗೆಗೆ ಬಡಿದರೆ ಮಾತ್ರ ಇತ್ತ ತಿರುಗಬಹುದು. ಹೆಣ್ಣಾಗಲಿ ಗಂಡಾಗಲಿ ಒಂದೇ ಕಾನೂನು. ಆ ಕಾನೂನಿನಿಂದಲೇ ನಾನು ಮೊಣಕಾಲು ಕೈಕೊಡುವ ತನಕ ಗಂಡಸರ ನಡುವೆ ತಲೆಯೆತ್ತಿ ದುಡಿದದ್ದು.

ಅವತ್ತು ಎಲ್ಲರೂ ದಡ ನೋಡುತ್ತಿದ್ದಾಗ ಗಸ್ತಿನ ದೋಣಿ ಬಂತು. ಈಚೆಗೆ ಬಂದ ಹೊಸ ಗಸ್ತಿನವನು. ನಿಲ್ಲಿ, ಇತ್ತ ತಿರುಗಿ ಅಂತ ಕೂಗಿದ. ಹಲಗೆಗೆ ಬಡಿದ ಸದ್ದು ಇನ್ನೂ ಕೇಳಿರಲಿಲ್ಲ. ಹಾಗಾಗಿ ಯಾರೂ ತಿರುಗಲಿಲ್ಲ. ಅವನು ಮತ್ತೆ ಮತ್ತೆ ಕೂಗಿದ, ಇವರು ನೆಟ್ಟ ಕಂಬದ ಹಾಗೆ ನಿಂತೇ ಇದ್ದರು. ಅಷ್ಟರಲ್ಲಿ ಬಲೆರಾಶಿಯ ಹಿಂದಿನಿಂದ ಒಂದು ಬಕೆಟ್ ಎದ್ದು ನೀರಿಗೆ ಮಗುಚಿತು. ಅವನು ಏನಂದುಕೊಂಡ ಗೊತ್ತೇ? ಹಿಡಿಯಬಾರದ ಮರಿಮೀನು ಹಿಡಿದು, ನಾಲ್ಕು ಜನ ಅಡ್ಡ ನಿಂತು, ಕದ್ದು ಚೆಲ್ಲುತ್ತಿದ್ದಾರೆ ಅಂತ!

ದೊಡ್ಡವನು "ಮೂತ್ರ ಸಾರ್" ಅಂದನಂತೆ. "ಯಾರದ್ದು?" ಅಂದರೆ ಬಾಯಿಗೆ ಬೀಗ. ಈಗ ನೋಟಿಸು ಬಂದಿದೆ. ಕುಡಿಯುವ ನೀರು ಕೆಡಿಸಿದ್ದು, ಸಾರ್ವಜನಿಕವಾಗಿ ಅಸಭ್ಯವಾಗಿ ನಡೆದದ್ದು, ಗಸ್ತಿನ ಆಜ್ಞೆ ಮೀರಿದ್ದು. ಏಪ್ರಿಲ್ ಕೊನೆಗೆ ವಿಚಾರಣೆ. ಅಲ್ಲಿಯ ತನಕ ಮೀನು ಹಿಡಿಯಬಹುದು. ಆಮೇಲೆ ನಮ್ಮ ಪರವಾನಗಿ ಇರುತ್ತದೋ ಹೋಗುತ್ತದೋ ಅವರು ಹೇಳುತ್ತಾರಂತೆ.

ಇರುತ್ತದೆ. ಹೇಗೆ ಅಂತ ನೀನು ಬರೆ.

ಕ್ಷೇಮ.

ನಿನ್ನ ಅಕ್ಕ


ಮಾರ್ಚ್ ೯

ಅಕ್ಕಾ,

ನಕ್ಕೆ. ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದವನ್ನು ಇವಳಿಗೂ ಓದಿ ಹೇಳಿದೆ, ಅವಳು ಒಗ್ಗರಣೆ ಸೀಯಲು ಬಿಟ್ಟು ನಕ್ಕಳು. ಆಮೇಲೆ ನೋಟಿಸಿನ ವಿಷಯಕ್ಕೆ ಬಂದಾಗ ಒಲೆ ಆರಿಸಿ ಪಕ್ಕಕ್ಕೆ ಬಂದು ಕೂತಳು.

ವಕೀಲರನ್ನು ಕೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಸರೋವರದ ನಿಯಮಗಳ ಪುಸ್ತಕ ತರಿಸಿದರು. ಒಟ್ಟು ಸಾರ ಇಷ್ಟು. ಪಂಪ್‌ಮನೆಯ ಸುತ್ತ ತೇಲುವ ಹಳದಿ ಡ್ರಮ್‌ಗಳ ಸಾಲಿನ ಒಳಗೆ ಏನೂ ನೀರಿಗೆ ಬೀಳುವ ಹಾಗಿಲ್ಲ. ಕೈ ತೊಳೆದರೂ ತಪ್ಪೇ. ಆ ಸಾಲಿನ ಹೊರಗೆ ಎಣ್ಣೆ, ಕಸ, ಔಷಧಿ ಇವೆಲ್ಲ ನಿಷೇಧ ಅಂತಿದೆ, ಮನುಷ್ಯನ ಮೂತ್ರದ ಮಾತೇ ಇಲ್ಲ. ಬರೆದವರಿಗೆ ನೆನಪಾಗಲಿಲ್ಲವೋ ನಾಚಿಕೆಯಾಯಿತೋ. ದಡದಲ್ಲಿ, ರಸ್ತೆಯಲ್ಲಿ ಬೇರೆ ಕಾನೂನು, ಅದು ನಿಮಗೆ ತಾಗುವುದಿಲ್ಲ.

ಅಸಭ್ಯತೆಯ ಮಾತು ಬೇರೆ. ಅದಕ್ಕೆ ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಮಾಡಿರಬೇಕು. ಯಾರ ಕಣ್ಣಿಗೂ ಬೀಳದಿದ್ದರೆ ಅಸಭ್ಯತೆ ಎಲ್ಲಿಂದ ಬಂತು? ನಿನ್ನ ಕಟ್ಟಳೆಯೇ ನಿನ್ನನ್ನು ಕಾಯುತ್ತದೆ ಅಂತ ವಕೀಲರು ಹೇಳಿದರು. ಅಂಥ ಕಕ್ಷಿದಾರರು ತಮಗೆ ಯಾವತ್ತೂ ಸಿಕ್ಕಿಲ್ಲವಂತೆ.

ಉಳಿದದ್ದು ಆಜ್ಞೆ ಮೀರಿದ್ದು. ಅದು ನಿಜವಾಗಿ ನಡೆದಿದೆ. ಯಾಕೆ ತಿರುಗಲಿಲ್ಲ ಅಂತ ವಿವರಿಸಬೇಕಾದರೆ ಬಕೆಟ್ಟಿನ ಹಿಂದೆ ಇದ್ದವರೇ ಬಂದು ಹೇಳಿದರೆ ಒಳ್ಳೆಯದು. ಎರಡು ಸಂಗತಿ ಬೇಕು. ದೋಣಿ ಹಳದಿ ಸಾಲಿನ ಒಳಗಿತ್ತೋ ಹೊರಗೋ? ಆ ಮಹಾನುಭಾವ ಯಾರು?

ಮೊಣಕಾಲು ಹೇಗಿದೆ? ಜಾಗ ಉಳಿದಿರಲಿ ಬಿಡಲಿ, ಅದನ್ನು ಬರೆ.

ನಿನ್ನ ತಮ್ಮ


ಮಾರ್ಚ್ ೧೩

ತಮ್ಮಾ,

ಹೊರಗೆ. ಎರಡು ಬಲೆ ಉದ್ದದಷ್ಟು ಹೊರಗೆ. ಗಸ್ತಿನವನೂ ಹಾಗೇ ಬರೆದಿದ್ದಾನೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಅಲ್ಲಿಗೆ ನೀರಿನ ಮಾತು ಮುಗಿಯಿತು.

ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಮೀನು ತೂಗುವ ಮಾಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿದೆ. ದೊಡ್ಡವನು ಮೇಲೆ ನೋಡಿದ. ಚಿಕ್ಕವನು ಕೆಳಗೆ ನೋಡಿದ. ಗಡ್ಡದವನು, "ಅಮ್ಮಾ, ನಾನು ದಡ ನೋಡ್ತಿದ್ದೆ. ನೀವೇ ಹೇಳ್ಕೊಟ್ಟಿದ್ದು ತಾನೇ?" ಅಂದ. ಅವನ ಷಡ್ಡಕ, "ನಾನು ಗಡ್ಡದವನ ಪಕ್ಕದಲ್ಲೇ ದಡ ನೋಡ್ತಿದ್ದೆ" ಅಂದ. ಹಾಗಾದರೆ ಆ ಬಕೆಟ್ ತಾನಾಗಿ ತುಂಬಿಕೊಂಡು ತಾನಾಗಿ ಮಗುಚಿತೇ?

ನನಗೆ ಮೈ ಉರಿಯಿತು. ಮೂತ್ರ ಬಂದದ್ದಕ್ಕಲ್ಲ, ಅದು ಎಲ್ಲರಿಗೂ ಬರುತ್ತದೆ. ನನ್ನೆದುರು ಮುಚ್ಚಿಟ್ಟದ್ದಕ್ಕೆ. ಬಂದದ್ದನ್ನು ಬಂತು ಅನ್ನಲು ನಾಚಿಕೊಳ್ಳುವ ಮನುಷ್ಯ ಬಲೆ ಹರಿದದ್ದನ್ನು ಹೇಳುತ್ತಾನೆಯೇ? ದೋಣಿಗೆ ನೀರು ನುಗ್ಗಿದ್ದನ್ನು ಹೇಳುತ್ತಾನೆಯೇ? ಅಲ್ಲೇ ಎಲ್ಲರೆದುರು ಹೇಳಿಬಿಟ್ಟೆ: ಯಾರು ಅಂತ ನನಗೆ ತಿಳಿದ ದಿನ, ಅವರು ನನ್ನ ದೋಣಿಗೆ ಕಾಲಿಡುವುದು ಅದೇ ಕೊನೆ.

ಕಿರಿ ಸೊಸೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಅವಳು ಎಂಜಿನ್ ಬಿಟ್ಟು ಅಲ್ಲಾಡುವವಳಲ್ಲ. ಹೊಲಿಗೆ ಅಂಗಡಿಯವರ ಮಗಳು, ನೀರು ಅಂದರೆ ಕೊಡದಲ್ಲಿ ಮಾತ್ರ ಕಂಡವಳು, ಒಂದೇ ವರ್ಷದಲ್ಲಿ ಎಂಜಿನ್ನಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳುತ್ತಾಳೆ. ಬೆಳಿಗ್ಗೆ ಹೋದರೆ ದಡ ಮುಟ್ಟುವ ತನಕ ಒಂದು ತೊಟ್ಟು ನೀರು ಬಾಯಿಗೆ ಹಾಕುವುದಿಲ್ಲ, ಒಂದು ಸಲವೂ ಎದ್ದು ಹೋಗುವುದಿಲ್ಲ. ಇದನ್ನೂ ಅವತ್ತು ಎಲ್ಲರೆದುರು ಹೇಳಿದೆ: "ಈ ಹುಡುಗಿಯನ್ನ ನೋಡಿ ಕಲೀರಿ, ಗಂಡಸರಂತೆ ಗಂಡಸರು!" ಅವಳ ಮುಖ ಕೆಂಪಾಯಿತು. ಹೊಗಳಿಕೆ ಅವಳಿಗೆ ರೂಢಿಯಿಲ್ಲ. ನನಗೂ ರೂಢಿಯಿಲ್ಲ, ಆದರೆ ಅರ್ಹರಿಗೆ ಹೇಳಬೇಕು.

ಮೊಣಕಾಲು ಇದ್ದಲ್ಲೇ ಇದೆ.

ಅಕ್ಕ


ಮಾರ್ಚ್ ೨೦

ಅಕ್ಕಾ,

ಎಂಜಿನ್ನಿಗೆ ಸಾಮಾನು ಕೊಳ್ಳಲು ಬಂದ ನಿನ್ನ ಚಿಕ್ಕವನು ಒಂದು ರಾತ್ರಿ ನಮ್ಮಲ್ಲಿ ಉಳಿದಿದ್ದ. ಇವಳು ಚೆನ್ನಾಗಿ ಬಡಿಸಿದಳು, ಅವನು ಸರಿಯಾಗಿ ಉಣ್ಣಲಿಲ್ಲ.

ವಿಷಯಕ್ಕೆ ಬರುತ್ತೇನೆ. ಚೆನ್ನಾಗಿ ಯೋಚಿಸಿದೆ. ದಂಡ ಕಟ್ಟಿ ಮುಗಿಸಿಬಿಡು. ವಿಚಾರಣೆಗೆ ಮೊದಲೇ ತಪ್ಪೊಪ್ಪಿಗೆ ಬರೆದುಕೊಟ್ಟರೆ ಪರವಾನಗಿ ಉಳಿಯಬಹುದು. ಯಾರು ಏನು ಅಂತ ಅಗೆಯುತ್ತಾ ಹೋಗಬೇಡ. ಒಂದು ದೋಣಿಯೊಳಗಿನ ಸಂಗತಿ, ದೋಣಿಯೊಳಗೇ ಇರಲಿ.

ನನ್ನ ಮಾತು ಕೇಳು. ಕಾರಣ ಕೇಳಬೇಡ.

ತಮ್ಮ


ಮಾರ್ಚ್ ೨೩

ತಮ್ಮಾ,

ಕಾರಣ ಕೇಳುವುದಿಲ್ಲ. ನನಗೆ ಗೊತ್ತಾಯಿತು.

ಮೊದಲ ಕಾಗದದಲ್ಲಿ ಹುಲಿಯ ಹಾಗೆ ಇದ್ದವನು ಎರಡನೆಯದರಲ್ಲಿ ಬಾಲ ಮಡಚಿದ್ದೀಯ. ನಡುವೆ ಆದದ್ದು ಒಂದೇ, ನನ್ನ ಚಿಕ್ಕ ಮಗ ನಿನ್ನ ಮನೆಯಲ್ಲಿ ಉಂಡದ್ದು. ಬಕೆಟ್ಟಿನ ಹಿಂದಿದ್ದವನು ಅವನೇ. ಸೋದರಮಾವನ ಮಡಿಲಲ್ಲಿ ಮುಖ ಮುಚ್ಚಿಕೊಂಡ, ನೀನು ಸೆರಗು ಹೊದಿಸಿದೆ. ಚಿಕ್ಕಂದಿನಿಂದಲೂ ಅವನಿಗೆ ತಡೆದುಕೊಳ್ಳಲು ಬರುವುದಿಲ್ಲ, ಶಾಲೆಯಲ್ಲಿ ಮೇಷ್ಟ್ರು ಇದೇ ದೂರು ಹೇಳುತ್ತಿದ್ದರು.

ನಿನ್ನೆ ಕರೆದು ಕೇಳಿದೆ. "ನೀನೇನೋ?" ಅಂದೆ. ಕೈಯಲ್ಲಿದ್ದ ಬಲೆಯ ಗಂಟು ಬಿಚ್ಚತೊಡಗಿದ. "ನೀನೇ ಅಲ್ವಾ?" ಅಂದೆ. "ಹಾಗೇ ಅಂದ್ಕೋ ಅಮ್ಮಾ" ಅಂದ. ಮಾತಿಗೆ ತಪ್ಪುವವಳು ನಾನಲ್ಲ. ಇವತ್ತಿನಿಂದ ಅವನು ದೋಣಿ ಹತ್ತುವುದಿಲ್ಲ. ಮಾಡಿನಲ್ಲಿ ಕೂತು ಬಲೆ ಹೆಣೆಯಲಿ. ಅವನ ಜಾಗಕ್ಕೆ ಗಡ್ಡದವನ ತಮ್ಮನನ್ನು ಹಾಕಿದ್ದೇನೆ.

ತಪ್ಪೊಪ್ಪಿಗೆ ಬರೆಯುವುದಿಲ್ಲ. ನನ್ನ ಕಟ್ಟಳೆ ತಪ್ಪು ಅಂತ ನಾನೇ ಸಹಿ ಹಾಕಲೇ? ನಿನ್ನ ವಕೀಲರನ್ನು ನೀನೇ ಇಟ್ಟುಕೋ. ವಿಚಾರಣೆಗೆ ನಾನೇ ಹೋಗುತ್ತೇನೆ. ನನಗೆ ಬಾಯಿಯಿದೆ, ಹೈಸ್ಕೂಲು ಮುಗಿಸಿದ್ದೇನೆ.

ಈ ಕಾಗದಕ್ಕೆ ಉತ್ತರ ಬೇಕಿಲ್ಲ.

ಅಕ್ಕ


ಮಾರ್ಚ್ ೨೮

ಅಕ್ಕಾ,

ಬೇಕಿಲ್ಲ ಅಂದರೂ ಬರೆಯುತ್ತಿದ್ದೇನೆ. ಚಿಕ್ಕವನನ್ನು ಮತ್ತೆ ದೋಣಿಗೆ ಹತ್ತಿಸು. ನೀನು ತಿಳಿದುಕೊಂಡಂತೆ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅಧಿಕಾರವಿಲ್ಲ, ಮಾತು ಕೊಟ್ಟಿದ್ದೇನೆ.

ತಮ್ಮ


ಏಪ್ರಿಲ್ ೬

ಅಕ್ಕಾ,

ಫೋನ್ ಮಾಡಿದರೆ ದೊಡ್ಡವನು ಎತ್ತಿ "ಅಮ್ಮ ಮಾಡಿನಲ್ಲಿದ್ದಾಳೆ" ಅನ್ನುತ್ತಾನೆ. ಯಾವಾಗ ಮಾಡಿದರೂ ನೀನು ಮಾಡಿನಲ್ಲೇ ಇರುತ್ತೀಯ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಕಿರಿ ಸೊಸೆಯ ಆರೋಗ್ಯ ಒಂದು ಸ್ವಲ್ಪ ನೋಡು.

ತಮ್ಮ


ಏಪ್ರಿಲ್ ೧೫

ತಮ್ಮಾ,

ನೋಡಿದೆ. ತಡವಾಗಿ ನೋಡಿದೆ.

ಕಳೆದ ಸೋಮವಾರ ದೋಣಿ ದಡಕ್ಕೆ ಬಂತು. ಕಿರಿ ಸೊಸೆ ಎಂಜಿನ್ ಆರಿಸಿದಳು, ಎದ್ದು ನಿಂತಳು, ಮತ್ತೆ ಕೂತಳು. ನಾನು ತಕ್ಕಡಿಯ ಹತ್ತಿರದಿಂದ, "ಏನೇ, ಇನ್ನೂ ಇಳಿಯಲ್ವಾ? ಮೀನಿನ ಜೊತೆ ನಿನ್ನನ್ನೂ ತೂಗ್ಬೇಕಾ?" ಅಂತ ಕೂಗಿದೆ. ಯಾವಾಗಲೂ ಇಂಥದ್ದಕ್ಕೆ ತಿರುಗಿ ಏನಾದರೂ ಹೇಳುತ್ತಾಳೆ. ಅವತ್ತು ಮಾತಿಲ್ಲ. ಹತ್ತಿರ ಹೋಗಿ ಮುಟ್ಟಿದರೆ ಮೈ ಕೆಂಡ. ತುಟಿ ಒಡೆದಿತ್ತು, ಬಿಸಿಲಲ್ಲಿ ಕೂತು ನಡುಗುತ್ತಿದ್ದಳು. ದೋಣಿಯಲ್ಲಿದ್ದ ಗಂಡಸರೆಲ್ಲ ಮತ್ತೆ ದಡ ನೋಡುತ್ತಿದ್ದರು. ಈ ಸಲ ಯಾರೂ ಕೂಗಿ ಹೇಳಿರಲಿಲ್ಲ.

ಚಿಕ್ಕವನು ಮಾಡಿನಿಂದ ಓಡಿಬಂದ. ಇಬ್ಬರೂ ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನನ್ನನ್ನು ಹೊರಗೆ ಕೂರಿಸಲು ನೋಡಿದಳು. ನಾನು ಏಳಲಿಲ್ಲ.

"ಉರಿ ಇದೆಯಾ? ಎಷ್ಟು ದಿನದಿಂದ?" ಅಂದಳು. ಇವಳು ಗೋಡೆ ನೋಡಿದಳು.

"ಕೆಲಸಕ್ಕೆ ಹೋದಾಗ ನೀರು ಕುಡೀತೀರಾ?"

"ಇಲ್ಲ."

"ಬಂದ್ರೆ ಹೋಗ್ತೀರಾ?"

"ಇಲ್ಲ."

"ಹೀಗೆ ತಡ್ಕೊಂಡು ಕೂತ್ರೆ ಸೋಂಕು ಆಗದೆ ಇನ್ನೇನಾಗುತ್ತೆ? ಮೂತ್ರಪಿಂಡಕ್ಕೆ ಹೋಗಿದ್ರೆ ಏನ್ಮಾಡ್ತಿದ್ರಿ? ಮನೇಲಿ ದೊಡ್ಡವರು ಯಾರೂ ಹೇಳೋರಿಲ್ವಾ?"

ನಾನು ಮನೆಯ ದೊಡ್ಡವಳು. ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ.

ಆಗ ನನಗೆ ಎಲ್ಲ ತಿಳಿಯಿತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆನ್ನು ಹಾಕಿದ್ದು ನಾಲ್ವರು ಗಂಡಸರು, ದೋಣಿಯಲ್ಲಿ ಇದ್ದದ್ದು ಐದು ಜನ, ಐದನೆಯವಳನ್ನು ನಾನೇ ಲೆಕ್ಕದಿಂದ ಬಿಟ್ಟಿದ್ದೆ. ಇಷ್ಟು ಸಣ್ಣ ಲೆಕ್ಕವನ್ನು ನಾನು ಒಂದು ತಿಂಗಳು ತಪ್ಪು ಮಾಡಿಕೊಂಡು ಕೂತಿದ್ದೆ.

ಮನೆಗೆ ಬಂದ ಮೇಲೆ ಚಿಕ್ಕವನನ್ನು ಕೇಳಿದೆ. "ನಿನ್ನ ಬಾಯಿಗೆ ಏನಾಗಿತ್ತೋ?" ಅಂದೆ.

"ನೀನು ಕೇಳ್ಲಿಲ್ಲ ಅಮ್ಮಾ. ತೀರ್ಪು ಕೊಟ್ಟೆ" ಅಂದ.

ಅವತ್ತು ಅವಳು ಮೊದಲ ಸಲ "ದಡ ನೋಡಿ" ಅಂದದ್ದಂತೆ. ವರ್ಷವಿಡೀ ಧೈರ್ಯವಾಗಿರಲಿಲ್ಲ. ಇದು ಅಮ್ಮನೇ ಮಾಡಿದ ಕಾನೂನು, ನಾಚಿಕೊಳ್ಳಬೇಡ ಅಂತ ಗಂಡ ಹೇಳಿ ಹೇಳಿ ಒಪ್ಪಿಸಿದ್ದ. ಮೊದಲ ಸಲವೇ ಗಸ್ತಿನ ದೋಣಿ ಬಂತು. ಹೆದರಿ ಹಲಗೆಗೆ ಬಡಿಯುವುದನ್ನೇ ಮರೆತಳು, ಗಸ್ತಿನವನು ಹತ್ತಿರ ಬರುವಷ್ಟರಲ್ಲಿ ಬಗ್ಗಿಕೊಂಡೇ ಎಂಜಿನ್ ಹತ್ತಿರ ಬಂದು ಕೂತಿದ್ದಳು. ಗಂಡಸರೆಲ್ಲ ಅವಳ ಹೆಸರು ಬರಬಾರದು ಅಂತ ಬಾಯಿ ಕಟ್ಟಿಕೊಂಡರು. ನಿನ್ನ ಹತ್ತಿರ ಚಿಕ್ಕವನು ಆಣೆ ಹಾಕಿಸಿಕೊಂಡದ್ದನ್ನೂ ಹೇಳಿದ.

ರಾತ್ರಿ ಗಂಜಿ ತೆಗೆದುಕೊಂಡು ಅವಳ ಕೋಣೆಗೆ ಹೋದೆ. "ನನಗೆ ಒಂದು ಮಾತು ಹೇಳೋಕೆ ಏನಾಗಿತ್ತೇ? ನಾನೇನು ಹುಲೀನಾ?" ಅಂದೆ.

"ಹುಲಿ ಆಗಿದ್ರೆ ಹೇಳ್ತಿದ್ದೆ ಅತ್ತೆ. ನೀವು ಎಲ್ಲರೆದುರು ಹೊಗಳಿಬಿಟ್ರಲ್ಲ, ಆಮೇಲೆ ಹೇಗೆ ಹೇಳ್ಲಿ?" ಅಂದಳು.

ಗಂಜಿ ಆರುತ್ತದೆ, ಕುಡಿ ಅಂದೆ.

ಜ್ವರ ಈಗ ಇಳಿದಿದೆ. ಆದರೆ ಇನ್ನು ದೋಣಿಗೆ ಬರುವುದಿಲ್ಲವಂತೆ. ತವರಿನಿಂದ ಹೊಲಿಗೆ ಯಂತ್ರ ತರಿಸಿಕೊಂಡು ಕಿಟಕಿಯ ಪಕ್ಕ ಇಟ್ಟುಕೊಂಡಿದ್ದಾಳೆ. ನಾನು ಮಾತಿಗೆ ತಪ್ಪುವವಳಲ್ಲ ಅಂತ ಅವಳಿಗೆ ಗೊತ್ತು. ಯಾರು ಅಂತ ತಿಳಿದ ದಿನವೇ ಕೊನೆ ಅಂದಿದ್ದೆನಲ್ಲ.

ನಿನ್ನ ಮೇಲೆ ಸಿಟ್ಟಿದೆ. ಆಣೆಯನ್ನು ಇಟ್ಟುಕೊಂಡೂ ಸ್ವಲ್ಪ ಗಟ್ಟಿಯಾಗಿ ಬರೆಯಬಹುದಿತ್ತು. ವಿಚಾರಣೆ ಇಪ್ಪತ್ತೆಂಟಕ್ಕೆ. ಅವಳ ಹೆಸರು ಹೇಳದೆ ಗೆಲ್ಲುವುದು ಹೇಗೆ ಅಂತ ವಕೀಲರನ್ನು ಕೇಳಿ ತಕ್ಷಣ ಬರೆ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಗಟ್ಟಿಯಾಗಿ ಬರೆದಿದ್ದರೆ ನೀನು ಓದುತ್ತಿದ್ದೆಯಾ? ಹೋಗಲಿ. ಹುಡುಗಿ ಚೇತರಿಸಿಕೊಳ್ಳುತ್ತಿದ್ದಾಳಲ್ಲ, ನನಗೆ ಅಷ್ಟು ಸಾಕು.

ವಕೀಲರು ಹೇಳಿದ್ದು ಇದು. ಯಾರ ಹೆಸರೂ ಬೇಕಿಲ್ಲ. ದೋಣಿ ನಿನ್ನದು, ಕಟ್ಟಳೆ ನಿನ್ನದು, ಉತ್ತರ ಕೊಡುವವಳೂ ನೀನೇ. ಮೂರು ಆರೋಪದಲ್ಲಿ ಮೊದಲನೆಯದು ಹಳದಿ ಸಾಲಿನ ಹೊರಗೆ ಬಿದ್ದುಹೋಗುತ್ತದೆ. ಎರಡನೆಯದಕ್ಕೆ ಗಸ್ತಿನವನನ್ನೇ ಕೇಳು, ನೀನು ಏನು ನೋಡಿದೆ ಅಂತ. ಅವನು ಪ್ರಾಮಾಣಿಕ ಅಂದಿದ್ದೀಯ, ಅದೇ ನಮಗೆ ಅನುಕೂಲ. ಮೂರನೆಯದನ್ನು ಒಪ್ಪಿಕೋ. ಕೂಗಿದ್ದು ನಿಜ, ತಿರುಗದಿದ್ದದ್ದು ನಿಜ. ಒಪ್ಪಿಕೊಂಡರೆ ಸೋತ ಹಾಗಲ್ಲ ಅಕ್ಕಾ. ಇದನ್ನು ವಕೀಲರು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆ. ಅಧಿಕಾರಿಗೆ ಬುದ್ಧಿ ಹೇಳಲು ಹೋಗಬೇಡ.

ತಮ್ಮ


ಏಪ್ರಿಲ್ ೩೦

ತಮ್ಮಾ,

ಪರವಾನಗಿ ಉಳಿಯಿತು. ಬುದ್ಧಿ ಸ್ವಲ್ಪ ಹೇಳಿದೆ.

ಕಚೇರಿಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಕಡತಗಳ ಗುಡ್ಡ, ಗುಡ್ಡದ ಆಚೆ ಅಧಿಕಾರಿ. ಕನ್ನಡಕದ ಮೇಲಿನಿಂದ ನೋಡುವ ಜಾತಿ. ನಾನು ಎದ್ದು ನಿಂತು ನಮ್ಮ ಕಟ್ಟಳೆ ಹೇಳಿದೆ. ಮಾವ ಮುಳುಗಿದ್ದನ್ನೂ ಹೇಳಿದೆ. ಅಲ್ಲಿಯ ತನಕ ಬರೆಯುತ್ತಾ ಇದ್ದವರು ಪೆನ್ನು ಕೆಳಗಿಟ್ಟರು. ಆಮೇಲೆ ನಿನ್ನ ವಕೀಲರು ಹೇಳಿದಂತೆ, "ಅವರು ಏನು ನೋಡಿದ್ರು ಅಂತ ಅವರನ್ನೇ ಕೇಳಿ ಸ್ವಾಮಿ" ಅಂದೆ.

"ಏನ್ರೀ ನೋಡಿದ್ರಿ?" ಅಂತ ಅಧಿಕಾರಿ ಕೇಳಿದರು.

"ಬೆನ್ನು ಸಾರ್" ಅಂದ ಗಸ್ತಿನವನು.

"ಎಷ್ಟು?"

"ನಾಲ್ಕು."

"ಮತ್ತೆ?"

"ಒಂದು ಬಕೆಟ್."

"ಬಕೆಟ್ ಅಸಭ್ಯವಾಗಿತ್ತಾ?"

ಗಸ್ತಿನವನು ಪಾಪ, ಬಹಳ ಯೋಚಿಸಿ, "ಇಲ್ಲ ಸಾರ್. ನೀಲಿ ಬಣ್ಣ" ಅಂದ. ಹಿಂದೆ ಕೂತಿದ್ದ ಗಡ್ಡದವನು ಕೆಮ್ಮಿದ. ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.

"ಅದರ ಹಿಂದೆ ಇದ್ದವರು ಯಾರು ಅಂತ ಹೇಳಿಬಿಡಿ, ಮುಗಿಸೋಣ" ಅಂದರು ಅಧಿಕಾರಿ.

"ನನ್ನ ದೋಣಿಯಲ್ಲಿ ಯಾರಿಗೆ ಮೂತ್ರ ಬಂತು ಅಂತ ನಿಮ್ಮ ಕಡತದಲ್ಲಿ ಬರೆದಿಡೋದು ಬೇಡ ಸ್ವಾಮಿ. ತಿರುಗದೇ ಇದ್ದದ್ದು ನಿಜ. ನಾನು ಹೇಳಿಕೊಟ್ಟಿದ್ದಕ್ಕೆ ತಿರುಗಲಿಲ್ಲ. ಅದಕ್ಕೆ ಏನು ದಂಡ ಇದೆಯೋ ನನಗೆ ಹಾಕಿ" ಅಂದೆ. ಆಮೇಲೆ ಬಾಯಿ ತಡೆಯಲಿಲ್ಲ. "ನಿಮ್ಮ ಗಸ್ತಿನ ದೋಣಿಗೂ ನಾಳೆ ಹೆಣ್ಣುಮಗಳೊಬ್ಬಳು ಕೆಲಸಕ್ಕೆ ಬರ್ತಾಳೆ. ಅವಳು ಏನು ಮಾಡ್ಬೇಕು ಅಂತ ನಿಮ್ಮ ಪುಸ್ತಕದಲ್ಲಿ ಇದೆಯಾ?"

ಅವರು ಪುಸ್ತಕ ತಿರುವಿದರು. ನಿಜವಾಗಲೂ ತಿರುವಿದರು, ತಮ್ಮಾ. ಆಮೇಲೆ ಮುಚ್ಚಿಟ್ಟರು.

ಮೊದಲೆರಡು ಆರೋಪ ಹೋಯಿತು. ಮೂರನೆಯದಕ್ಕೆ ದಂಡ, ಜೊತೆಗೆ ಒಂದು ಷರತ್ತು: ದೋಣಿಯ ಹಿಂದುಗಡೆ ಕ್ಯಾನ್ವಾಸ್ ಬಟ್ಟೆಯ ಮರೆ ಕಟ್ಟಬೇಕು, ಅದು ಮುಚ್ಚಿದ್ದಾಗ ಗಸ್ತಿನವರು ಕಾಯಬೇಕು. ದಂಡ ಅಲ್ಲೇ ಕಟ್ಟಿದೆ. ಹೊರಗೆ ಬಂದಾಗ ಗಸ್ತಿನವನು ನಮಸ್ಕಾರ ಮಾಡಿ, "ಅಮ್ಮಾ, ನಮ್ಮ ದೋಣೀಲೂ ಒಂದು ಬಕೆಟ್ ಇಡ್ಬೇಕು ಅಂತಿದ್ದೀನಿ" ಅಂದ. "ನೀಲಿ ಬಣ್ಣದ್ದೇ ಇಡಪ್ಪ" ಅಂದೆ.

ಆದರೆ ಪರವಾನಗಿ ಉಳಿದರೆ ಸಾಕೇ? ಎಂಜಿನ್ ಹತ್ತಿರ ಈಗ ಕೂರುವ ಗಡ್ಡದವನ ತಮ್ಮನಿಗೆ ಅದರ ಭಾಷೆ ತಿಳಿಯುವುದಿಲ್ಲ. ಎರಡು ಸಲ ನಡುನೀರಿನಲ್ಲಿ ನಿಲ್ಲಿಸಿಕೊಂಡು ಹುಟ್ಟು ಹಾಕಿಕೊಂಡು ಬಂದರು. ನಿನ್ನೆ ಕ್ಯಾನ್ವಾಸ್ ತಂದು ಕಿರಿ ಸೊಸೆಯ ಯಂತ್ರದ ಮುಂದೆ ಹಾಕಿದೆ. "ದೋಣಿಗೆ ಮರೆ ಹೊಲಿಯಬೇಕು, ಅಳತೆ ಯಾರು ನೋಡ್ತಾರೆ?" ಅಂದೆ.

ಅವಳು ಬಟ್ಟೆ ಮುಟ್ಟಿ ನೋಡಿದಳು. ದಪ್ಪ ಸೂಜಿ ಬೇಕು ಅಂದಳು. ಆಮೇಲೆ ತಲೆಯೆತ್ತಿ, "ಇದನ್ನ ಹೊಲಿದು ಕೊಟ್ರೆ ಯಾರು ಉಪಯೋಗಿಸ್ತಾರೆ ಅತ್ತೆ? ಗಂಡಸರಿಗೆ ಬಲೆರಾಶಿ ಸಾಕಿತ್ತಲ್ಲ" ಅಂದಳು.

"ಎಂಜಿನ್ ನಡೆಸೋರು ಉಪಯೋಗಿಸ್ತಾರೆ" ಅಂದೆ.

"ಅವರು ನಿಮ್ಮ ದೋಣಿಗೆ ಕಾಲಿಡೋದು ಕೊನೆ ಅಂದಿದ್ರಿ."

"ಅಂದಿದ್ದೆ. ಈಗ ಬೇರೆ ಅಂತಿದ್ದೀನಿ."

ತಮ್ಮಾ, ಈ ಮಾತನ್ನು ನಾನು ಬದುಕಿನಲ್ಲಿ ಯಾರಿಗೂ ಹೇಳಿದವಳಲ್ಲ. ಅವಳಾದರೂ ಕರಗಬೇಕೋ ಬೇಡವೋ? ಇಲ್ಲ. ಅಳತೆಪಟ್ಟಿ ಕತ್ತಿಗೆ ಹಾಕಿಕೊಂಡು ಷರತ್ತು ಹಾಕಿದಳು. "ಬರ್ತೀನಿ. ಆದ್ರೆ ಒಂದು. ಇನ್ಮೇಲೆ ಅಂಗಳದಲ್ಲಿ ಎಲ್ಲರೆದುರು ನನ್ನನ್ನ ಬೈಯಬಾರದು. ಹೊಗಳಲೂ ಬಾರದು. ಏನಿದ್ರೂ ನನ್ನ ಹತ್ರ ಬಂದು ನನಗೇ ಹೇಳ್ಬೇಕು. ಅಧಿಕಾರಿ ಹಾಕಿದ ಷರತ್ತು ಒಪ್ಪಿದ್ರಂತಲ್ಲ, ಇದನ್ನೂ ಒಪ್ಕೊಳ್ಳಿ."

ಬಾಗಿಲಲ್ಲಿ ನಿಂತಿದ್ದ ಚಿಕ್ಕವನು ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಇಂಥ ಮಾತು ಆಡಿದವರು ಈ ಮನೆಯಲ್ಲಿ ಯಾರೂ ಇಲ್ಲ. ನನ್ನ ಗಂಡನೂ ಆಡಿದವರಲ್ಲ.

ಒಪ್ಪಿದೆ. ಇವತ್ತು ಬೆಳಿಗ್ಗೆ ದೋಣಿ ಅವಳ ಕೈಯಲ್ಲಿ ಹೊರಟಿತು, ಚಿಕ್ಕವನೂ ಜೊತೆಗಿದ್ದ. ಈ ಭಾಗವನ್ನು ನಿನ್ನ ಹೆಂಡತಿಗೆ ಓದಿ ಹೇಳಬೇಡ.

ನಿನ್ನ ಅಕ್ಕ